ಭರಮಸಾಗರದ ಸೊನ್ನೆ

ಬೆಳಗಿನ ಐದೂಮುಕ್ಕಾಲಿಗೆ
ಮಂಡಕ್ಕಿ ಭಟ್ಟಿಯ ಹೊಗೆಯಿಂದಲೇ ಹೊರಟೆವು.
ಗೌಸ್‌ಪೀರನ ಎಸ್ಟೀಮು, ಇಪ್ಪತ್ನಾಲ್ಕು ವರ್ಷದ್ದು,
ನಿನ್ನೆ ಸಂಜೆವರೆಗೂ ಚೀಲ ಹೊತ್ತದ್ದು.
ಬಾಗಿಲ ಗೀರು ಮುಚ್ಚುವ ಹಾಗೆ
ಮೂವತ್ತೊಂದನೇ ನಂಬರು ಅಂಟಿಸಿದ್ದಾನೆ.
ಸೀಟಿನಡಿ ಉಳಿದ ಮಂಡಕ್ಕಿ ಕಾಳು
ಬ್ರೇಕು ಒತ್ತಿದಾಗ ನನ್ನ ಪಾದದವರೆಗೂ ಉರುಳಿ ಬರುತ್ತವೆ,
ಗೇರು ಬದಲಾದರೆ ವಾಪಸು.

"ನೀ ದಾರಿ ಹೇಳು, ನಾ ಕಾರ್ ಬಿಡ್ತೀನಿ,
ಇಷ್ಟೇ ಐತಿ" ಅಂದಿದ್ದ.

ಇಷ್ಟೇ ಇರಲಿಲ್ಲ.
ಚಿತ್ರದುರ್ಗದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು:
ಪಕ್ಕದಲ್ಲಿ ಹಲ್ಲಿನ ಡಾಕ್ಟರ ಹೊಸ ಕಾರು,
ಹಿಂದೆ ಚಳ್ಳಕೆರೆಯ ಎಣ್ಣೆಗಿರಣಿಯ ಅಕ್ಕತಂಗಿಯರು,
ಇಬ್ಬರದೂ ಒಂದೇ ಬಣ್ಣದ ಹೆಲ್ಮೆಟ್ಟು.
ಮೊದಲು ಜೋಗಿಮಟ್ಟಿಯ ಏರು.
ಮೇಲೆ ಗಾಳಿಯಂತ್ರಗಳು ಅವಸರವೇ ಇಲ್ಲದೆ
ತಿರುಗುತ್ತಿದ್ದವು;
ಕೆಳಗೆ ನಾವು, ಎರಡನೇ ಗೇರಿನಲ್ಲಿ,
ಹಾಲಿನ ವ್ಯಾನಿನ ದನಿಯಲ್ಲಿ ಅರಚುತ್ತ.
ಮೂರನೇ ತಿರುವಿಗೆ ಗೌಸ್‌ಪೀರ್ ಬಿಸ್ಮಿಲ್ಲಾ ಅಂದ.
ಐದನೆಯದಕ್ಕೆ ನಾನೂ ಅಂದೆ.

ಮಧ್ಯಾಹ್ನ ಮೈದಾನದಲ್ಲಿ
ಕೇಸರಿ ಬಣ್ಣದ ಪ್ಲಾಸ್ಟಿಕ್ ಗೋಪುರಗಳ ನಡುವೆ ಹಾವಿನ ಹಾದಿ.
ನಾಲ್ಕನ್ನು ಕೆಡವಿದೆವು.
ಒಂದು ಬಂಪರಿನಡಿ ಸಿಕ್ಕು
ನಮ್ಮ ಜೊತೆಗೇ ಮುಗಿಸಿತು ಪಂದ್ಯ.
ಅಕ್ಕತಂಗಿಯರು ಒಂದನ್ನೂ ಮುಟ್ಟಲಿಲ್ಲ.
ಅಕ್ಕ ಇಳಿದು ಬಂದು
ನಮ್ಮ ಬಂಪರಿನಿಂದ ಅದನ್ನು ಎಳೆದು ಕೊಟ್ಟಳು,
ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಈಗ ಕೊನೆಯದು, ಹೊಳಲ್ಕೆರೆ ಕಡೆಯಿಂದ ಭರಮಸಾಗರ,
ಗಡಿಯಾರದ ಓಟ.
ಇಲ್ಲಿ ಬೇಗ ಬಂದವನು ಗೆಲ್ಲುವುದಿಲ್ಲ.
ಒಂದು ಸೆಕೆಂಡು ತಡವಾದರೆ ಒಂದಂಕ ದಂಡ,
ಮುಂಚೆ ಬಂದರೆ ಎರಡು.
ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ
ಊರವರ ದಿನಗಳ ಮೇಲೆ ಮುದ್ರೆ ಕುಟ್ಟಿದವನು ನಾನು;
ನನ್ನ ಕೈಯಲ್ಲೇ ಚೀಟಿ,
ನನ್ನದೇ ಹೊತ್ತಿಗೆ ಯಾರೋ ಮುದ್ರೆ ಹಾಕಲಿಕ್ಕೆ
ಮುಂದೆ ಎಲ್ಲೋ ಕಾದಿದ್ದಾನೆ.
ದಾರಿಯ ಪುಸ್ತಕದಲ್ಲಿ ಊರಿನ ಹೆಸರಿಲ್ಲ,
ಒಂದು ಗುಂಡು ಚುಕ್ಕಿ, ಅಲ್ಲಿಂದ ಬಾಣ,
ಬಾಣದ ಪಕ್ಕ ಬೇವಿನ ಮರ ಅಂತ ಒಂದು ಗೀಟು.
ಬೇವು ಒಂದಲ್ಲ, ಹದಿನಾರು ಇದ್ದವು.

ಸಿರಿಗೆರೆ ದಾಟಿದ ಮೇಲೆ
ಅರ್ಧ ರಸ್ತೆಗೆ ಈರುಳ್ಳಿ ಹರವಿದ್ದರು.
ಸರಿದು, ಸವರಿ, ಹೊರಬಂದು
ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ಹದಿನೆಂಟು ಕಿಲೋಮೀಟರು, ವೇಗ ಮೂವತ್ತಾರು.
ನಾನು ಹೇಳಿದ್ದು ನಲವತ್ತು.
ಮೇಲಿನ ಸಾಲು ಓದಿದ್ದೆ.
ಲೆಕ್ಕ ಹಾಕಿದೆ: ಮೂರು ನಿಮಿಷ ಮುಂದಿದ್ದೇವೆ.
ಕೊನೆಯ ತಿರುವಿನಾಚೆ ಕೆಂಪು ಬಾವುಟ ಕಾಣುತ್ತಿದೆ,
ಬಾವುಟ ಕಂಡ ಮೇಲೆ ನಿಲ್ಲುವ ಹಾಗಿಲ್ಲ, ನಿಯಮ.
ಮುನ್ನೂರರವತ್ತು ಅಂಕ.
ಬಾಯಿ ಬಿಡಲಿಲ್ಲ ನಾನು.

ಆಗ ಬಂದವು ಕುರಿ.

ಬಲಗಡೆಯ ಬದುವಿನಿಂದ ಇಳಿದು,
ಮೊದಲು ಒಂದು, ಅದರ ಹಿಂದೆ ಎಲ್ಲಾ,
ಬಾನೆಟ್ಟಿಗೆ ಉಣ್ಣೆ ಉಜ್ಜುತ್ತ,
ಒಂದು ಮರಿ ನಮ್ಮ ನಂಬರನ್ನು ನೆಕ್ಕುತ್ತ.
ಕಂಬಳಿ ಹೊದ್ದ ಹುಡುಗ ಫೋನಿನಲ್ಲಿ ಮಾತಾಡುತ್ತಲೇ ದಾಟಿದ.
ಗೌಸ್‌ಪೀರ್ ಸ್ಟೇರಿಂಗ್ ಗುದ್ದಿದ,
ಹಾರನ್ನು ಒತ್ತಿದ,
ಕುರಿಗಳಿಗೆ ನಮ್ಮ ಹಾರನ್ನು
ಯಾರದೋ ಮನೆಯ ಕೆಮ್ಮು.
ನಾನು ಮಾತ್ರ ಗಡಿಯಾರ ನೋಡುತ್ತಿದ್ದೆ,
ಇನ್ನೂ ಬರಲಿ, ಇನ್ನೊಂದಿಪ್ಪತ್ತು ಬರಲಿ,
ಕುಂಟುವುದೊಂದು ಇದ್ದರೆ ಅದೂ ಬರಲಿ.

ಇತ್ತು. ಬಂತು.

ಮುದ್ರೆ ಹಾಕುವ ಹುಡುಗಿ ಚೀಟಿ ನೋಡಿ
ಇನ್ನೊಮ್ಮೆ ನೋಡಿ, ಎದ್ದು ನಿಂತಳು:
"ಸೊನ್ನೆ ಸರ್! ಇವತ್ತಿನ ಒಂದೇ ಸೊನ್ನೆ!"
ಹಲ್ಲಿನ ಡಾಕ್ಟರು ಬಂದು ಕೈ ಕುಲುಕಿ
ಯಾವ ಆ್ಯಪ್ ಬಳಸಿದಿರಿ ಅಂದರು.
ಅಂದಾಜು ಅಂದೆ. ಗೌಸ್‌ಪೀರ್ ನನ್ನತ್ತ ನೋಡಿದ.

ಒಟ್ಟು ಲೆಕ್ಕದಲ್ಲಿ ನಾವು ಮೂವತ್ತೆಂಟರಲ್ಲಿ ಮೂವತ್ತನಾಲ್ಕು.
ಕಪ್ಪು ಅಕ್ಕತಂಗಿಯರಿಗೆ, ನ್ಯಾಯವಾಗಿಯೇ.
ಬೆಣ್ಣೆದೋಸೆ ತಿಂದು ಮನೆಗೆ ಹೊರಟಾಗ ಕತ್ತಲಾಗಿತ್ತು.
ಹೆದ್ದಾರಿಯಲ್ಲಿ ಎಂಬತ್ತು ಮುಟ್ಟಿಸಿ
ಅವನು ತಣ್ಣಗೆ ಕೇಳಿದ,
"ಎಷ್ಟು ತಪ್ಪಿತ್ತಪಾ ನಿನ್ ಲೆಕ್ಕ?"
"ಇನ್ನೂರು ಕುರಿಯಷ್ಟು" ಅಂದೆ.

ಆ ಚೀಟಿ ಈಗ ಭಟ್ಟಿಯ ಗೋಡೆಗಿದೆ,
ಮೆಕ್ಕಾದ ಕ್ಯಾಲೆಂಡರಿನ ಕೆಳಗೆ.
ಗಿರಾಕಿಗಳು ಕೇಳುತ್ತಾರೆ, ಸೊನ್ನೆ ಬಂದದ್ದನ್ನು
ಯಾಕೆ ತೂಗುಹಾಕಿದ್ದೀ ಮಾರಾಯ.
ಅವನು ಸೇರು ತುಂಬುತ್ತ
ಮೇಲೆ ಒಂದು ಹಿಡಿ ಹೆಚ್ಚೇ ಸುರಿಯುತ್ತಾನೆ.